ಕಾಲಿನ ಬಾವು ಕಂಡಿತು, ತಲೆಯ ಪೆಟ್ಟು ಕಾಣಲಿಲ್ಲ

ಅಚ್ಚಿಗೆ ಹೋಗಬೇಕಾದ ಹಾಳೆಯ ಏಳನೆಯ ಸಾಲನ್ನು ಗುಬ್ಬಿ ನಾಲ್ಕನೆಯ ಸಲ ಓದುತ್ತಿದ್ದಳು. ಅಕ್ಷರಗಳು ಇದ್ದಲ್ಲೇ ಇದ್ದವು, ಅರ್ಥ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ನೆತ್ತಿಯ ಮೇಲಿನ ದೀಪ ಕಣ್ಣಿಗೆ ಚುಚ್ಚುತ್ತಿತ್ತು. ನನಗೇನೋ ಆಗಿದೆ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಹೇಳಿಕೊಂಡದ್ದು ತನಗೂ ಕೇಳಿಸಬಾರದು ಎಂಬಂತೆ ಬೇಗ ಹಾಳೆ ಮಗುಚಿದಳು.

ಪದವಿ ಮುಗಿಸಿದ ಮೇಲೆ ಈ ಮುದ್ರಣಾಲಯದಲ್ಲಿ ತಪ್ಪು ತಿದ್ದುವುದೇ ಅವಳ ಕೆಲಸ. ಆಳೂ ಸಣ್ಣ, ದನಿಯೂ ಸಣ್ಣ. ಹಾಗಾಗಿ ಎಲ್ಲರ ಬಾಯಲ್ಲೂ ಗುಬ್ಬಿ. ಆದರೆ ಸಂಜೆ ಮೈದಾನಕ್ಕೆ ಇಳಿದಳೆಂದರೆ ಅವಳನ್ನು ಹಿಡಿಯುವವರಿರಲಿಲ್ಲ. ಅವಳ ಅಕ್ಕ ದುಡಿಯುವ ಹೆಂಗಸರನ್ನೆಲ್ಲ ಸೇರಿಸಿ ಲ್ಯಾಕ್ರೋಸ್ ತಂಡ ಕಟ್ಟಿದ್ದಳು. ಉದ್ದ ಕೋಲು, ಕೋಲಿನ ತುದಿಗೆ ಪುಟ್ಟ ಬಲೆ, ಆ ಬಲೆಯಲ್ಲಿ ಗಟ್ಟಿ ರಬ್ಬರ್ ಚೆಂಡನ್ನು ಹಿಡಿದು, ಓಡಿ, ಎದುರಿನವರ ಗೋಲಿಗೆ ಬೀಸಿ ಎಸೆಯುವ ಆಟ.

ಮಂಗಳವಾರದ ಅಭ್ಯಾಸದಲ್ಲಿ ಒಂದೇ ಚೆಂಡಿಗೆ ಅಕ್ಕತಂಗಿಯರಿಬ್ಬರೂ ನುಗ್ಗಿದ್ದರು. ಅಕ್ಕ ಬೀಸಿದ ಕೋಲು ಗುಬ್ಬಿಯ ಕಿವಿಯ ಮೇಲೆ ಟಕ್ಕೆಂದು ಬಡಿಯಿತು. ಕಣ್ಣು ಕತ್ತಲಿಟ್ಟಿತು, ಎಡಗಾಲು ಹೊರಳಿತು, ಬಿದ್ದಳು. ಅಕ್ಕನ ಗಮನ ಚೆಂಡಿನ ಮೇಲಿತ್ತು. ಕೋಲು ಎಲ್ಲಿ ಬಡಿಯಿತೆಂದು ಅವಳಿಗೆ ಗೊತ್ತೇ ಆಗಲಿಲ್ಲ. ಕಣ್ಣಿಗೆ ಕಂಡದ್ದು ಬಾತುಕೊಳ್ಳುತ್ತಿದ್ದ ಪಾದ.

"ಏಳೇ, ಎರಡು ಸುತ್ತು ಓಡು. ನೋವು ತಾನಾಗೇ ಬಿಟ್ಟುಹೋಗುತ್ತೆ," ಎಂದಿದ್ದಳು.

ಅದು ಆ ತಂಡದ ಪದ್ಧತಿ. ಇನ್ನೊಂದು ಪದ್ಧತಿಯೂ ಇತ್ತು. ಕಣ್ಣಿಗೆ ಹಾಕುವ ರಕ್ಷಣಾ ಕನ್ನಡಕ, ಹಲ್ಲಿಗೆ ಕಚ್ಚುವ ಗಾರ್ಡು, ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದರು. ಪಂದ್ಯದ ದಿನ ಮಾತ್ರ ಅವು ಹೊರಗೆ. ಅಭ್ಯಾಸಕ್ಕೆಲ್ಲ ಹಾಕಿದರೆ ಗೀರು ಬಿದ್ದು ಹಾಳಾಗುತ್ತವಲ್ಲ.

ಈಗ ಗುರುವಾರ. ಭಾನುವಾರ ಪಂದ್ಯ. ಆಡಲು ಹನ್ನೆರಡು ಜನ ಬೇಕು, ಇರುವುದೂ ಹನ್ನೆರಡೇ ಜನ. ಗುಬ್ಬಿ ತಲೆಯ ಮಾತೆತ್ತಿದರೆ ತಂಡಕ್ಕೆ ಒಬ್ಬಳು ಕಡಿಮೆ. ಹೊಡೆದದ್ದು ನಾನೇ ಎಂದು ಅಕ್ಕ ಕೊರಗುವುದು ಬೇರೆ. ಅವಳು ಬಾಯಿಗೆ ಬೀಗ ಹಾಕಿಕೊಂಡಳು.

ಸಂಜೆ ಮನೆಗೆ ಬಂದವಳು ಗೋಡೆಗೆ ಒರಗಿ ಕುಳಿತಳು. "ಯಾಕೋ ತುಂಬಾ ಸುಸ್ತು ಅಮ್ಮ," ಎಂದಳು.

"ಸಾಲಲ್ಲಿ ನಿಂತ್ಕೋ ಮಗಳೇ. ನಿನ್ನ ಮುಂದೆ ಮೂರು ಜನ ಇದೀವಿ," ಎಂದಳು ಅಮ್ಮ.

ಆ ಮನೆಯಲ್ಲಿ ಸುಸ್ತು ಹೊಸ ಸುದ್ದಿಯಲ್ಲ. ಅಮ್ಮ ಲಾಂಡ್ರಿಯಲ್ಲಿ ಇಡೀ ದಿನ ನಿಂತು ಇಸ್ತ್ರಿ ಮಾಡುವವಳು. ಅಪ್ಪ ಬಸ್ ಓಡಿಸುವವನು, ಇನ್ನೂ ಬಂದಿರಲಿಲ್ಲ. ಅಕ್ಕ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿ ಇಳಿಸುವವಳು. ಬಂದವಳೇ ಬಾಗಿಲ ಬಳಿ ಕಾಲು ಚಾಚಿ ಕುಳಿತಿದ್ದಳು. ಅಷ್ಟು ದಣಿವಿನ ನಡುವೆ ಒಬ್ಬಳ ದಣಿವು ಬೇರೆ ಥರದ್ದೆಂದು ಯಾರಿಗೆ ಹೊಳೆಯಬೇಕು?

ಅಮ್ಮ ಬಿಸಿನೀರಿನ ಚೀಲ ತಂದು ಗುಬ್ಬಿಯ ಪಾದಕ್ಕೆ ಒತ್ತಿ ತಿಕ್ಕತೊಡಗಿದಳು. ಅಷ್ಟರಲ್ಲಿ ಕೆಳಗಿನ ಮನೆಯಿಂದ ಚಿಕ್ಕಮ್ಮ ಮೆಟ್ಟಿಲು ಹತ್ತಿ ಬಂದಳು. ಆಸ್ಪತ್ರೆಯಲ್ಲಿ ಫಿಸಿಯೊಥೆರಪಿ ಮಾಡುವ ಚಿಕ್ಕಮ್ಮ ಎಷ್ಟೇ ಸಾಕಾಗಿ ಬಂದಿದ್ದರೂ ಬಾವು ಕಂಡರೆ ಸುಮ್ಮನಿರುವವಳಲ್ಲ.

"ಅಕ್ಕಾ, ಆ ಚೀಲ ಆಚೆ ಇಡು," ಎಂದಳು ಅಮ್ಮನಿಗೆ.

"ಯಾಕೆ? ನಮ್ಮಮ್ಮ ನಿನಗೂ ಹೀಗೇ ಶಾಖ ಕೊಟ್ಟಿದ್ದು."

"ಕೊಟ್ಟಿದ್ಲು. ನಾನು ತಿಂಗಳುಗಟ್ಟಲೆ ಕುಂಟಿದ್ದೂ ನೆನಪಿದೆ. ಹೊಸ ಬಾವಿಗೆ ಬಿಸಿ ಕೊಟ್ರೆ ಇನ್ನೂ ಊದುತ್ತೆ. ತಿಕ್ಕಲೂ ಬಾರದು." ಚಿಕ್ಕಮ್ಮ ಹಿಮ್ಮಡಿಯ ಮೇಲಿನ ಮೂಳೆಗಳನ್ನು ಒತ್ತಿ ನೋಡಿದಳು. "ನಾಲ್ಕು ಹೆಜ್ಜೆ ನಡಿ. ಹೂಂ, ಊರ್ತೀಯ. ಮೂಳೆ ಮುಟ್ಟಿದ್ರೆ ಜೀವ ಹೋಗೋ ಹಾಗಿದ್ರೆ, ಇಲ್ಲಾ ನಾಲ್ಕು ಹೆಜ್ಜೆ ಊರೋಕೆ ಆಗದಿದ್ರೆ, ಈಗಲೇ ಎಕ್ಸ್‌ರೇಗೆ ಹೊರಡಿಸ್ತಿದ್ದೆ."

ಐಸನ್ನು ಟವೆಲ್ಲಿನಲ್ಲಿ ಸುತ್ತಿ ಪಾದದ ಮೇಲಿಟ್ಟಳು. "ಹದಿನೈದು ನಿಮಿಷ ಸಾಕು. ದಿನಕ್ಕೆ ನಾಲ್ಕೈದು ಸಲ. ಬರೀ ಐಸ್ ಚರ್ಮಕ್ಕೆ ತಾಗಿಸಬೇಡಿ. ಆಮೇಲೆ ಪಟ್ಟಿ, ಬೆರಳು ತಣ್ಣಗಾಗೋ ಅಷ್ಟು ಬಿಗಿ ಬೇಡ. ಕಾಲು ದಿಂಬಿನ ಮೇಲೆ."

"ಭಾನುವಾರದ ಹೊತ್ತಿಗೆ ಸರಿ ಆಗುತ್ತಾ?" ಎಂದಳು ಅಕ್ಕ.

"ಕಾಲು ಕ್ಯಾಲೆಂಡರ್ ನೋಡಲ್ಲ ಕಣೇ. ನೋವು ಇಳಿದ ಮೇಲೆ ಹೆಬ್ಬೆರಳಲ್ಲಿ ಗಾಳಿಯಲ್ಲಿ ಅ ಆ ಇ ಈ ಬರೀಲಿ. ಆಮೇಲೆ ಒಂಟಿಕಾಲಲ್ಲಿ ನಿಲ್ಲಲಿ. ನಡೀಲಿ, ಓಡ್ಲಿ, ತಿರುಗ್ಲಿ. ಆ ಕಾಲಲ್ಲಿ ನೋವಿಲ್ಲದೆ ಕುಪ್ಪಳಿಸೋವರೆಗೂ ಆಟ ಇಲ್ಲ."

"ನಿನ್ನ ಮಾತು ಕೇಳಿದ್ರೆ ನಾನು ತಂಡ ಕಟ್ಟೋ ಬದಲು ವಾರ್ಡ್ ಕಟ್ಟಬೇಕು ಚಿಕ್ಕಮ್ಮ. ನಾವೇನು ಬಿದ್ದಿಲ್ವಾ, ಎದ್ದಿಲ್ವಾ?"

"ಎದ್ದವರು ಮಾತಾಡ್ತಾರೆ. ಏಳದವರು ನನ್ನ ಹತ್ರ ಬರ್ತಾರೆ. ಹೊರಳಿದ ಕಾಲಲ್ಲಿ ಸುತ್ತು ಹೊಡೆಸಿದ್ದು ಯಾರು? ಕಣ್ಣಿಗೆ, ಹಲ್ಲಿಗೆ ಹಾಕೋದೆಲ್ಲ ಎಲ್ಲಿ?"

"ಬೀರುವಿನಲ್ಲಿ," ಎಂದಳು ಅಕ್ಕ, ಮೆಲ್ಲಗೆ.

"ಸರಿ, ಬೀರುವಿಗೆ ಏಟು ಬೀಳಲ್ಲ ಬಿಡು. ಇವತ್ತು ಅಭ್ಯಾಸ, ಮೆತ್ತಗೆ ಬೀಳೋಣ ಅಂತ ಚೆಂಡಿಗೆ ಗೊತ್ತಾಗುತ್ತಾ?"

ಅಮ್ಮ ನಕ್ಕಳು. ಅಕ್ಕನಿಗೂ ನಗು ಬಂತು, ಅದರ ಜೊತೆಗೇ ನಾಚಿಕೆಯೂ. "ಆಯ್ತು. ನಾಳೆಯಿಂದ ಬೀರು ಖಾಲಿ. ಅಭ್ಯಾಸಕ್ಕೂ ಹಾಕ್ತೀವಿ."

"ಮೊದಲು ಹದಿನೈದು ನಿಮಿಷ ಮೈ ಬಿಸಿ ಮಾಡ್ಕೊಳ್ಳಿ. ಹಾರಿ ಇಳಿಯುವಾಗ ಮಂಡಿ ಒಳಗೆ ವಾಲದ ಹಾಗೆ ಅಭ್ಯಾಸ ಮಾಡಿ. ಕೋಲು ಕುತ್ತಿಗೆಯಿಂದ ಮೇಲೆ ಹೋಗಲೇಬಾರದು." ಪಟ್ಟಿ ಸುತ್ತುತ್ತಾ ಚಿಕ್ಕಮ್ಮ ಕೇಳಿದಳು. "ತಲೆಗೇನಾದ್ರೂ ತಗುಲಿತ್ತಾ ಗುಬ್ಬಿ?"

"ಇಲ್ಲ," ಎಂದಳು ಗುಬ್ಬಿ, ಐಸಿನ ಕಡೆ ನೋಡುತ್ತಾ.

"ಬಿದ್ದು ಬಂದವರನ್ನೆಲ್ಲ ಇದನ್ನ ಕೇಳ್ತೀನಿ. ಕಾಲಿಗಾದರೆ ಬಾವು ಬರುತ್ತೆ, ತಲೆ ಒಳಗಿನದು ಕಾಣಲ್ಲ. ತಲೆನೋವು ಇರುತ್ತೆ, ಬೆಳಕು ಚುಚ್ಚುತ್ತೆ, ಓದಿದ್ದು ಹತ್ತಲ್ಲ, ನಿದ್ದೆ ಮಾಡಿ ಎದ್ರೂ ಸುಸ್ತು ಹೋಗಲ್ಲ. ಅಂಥವರು ಅವತ್ತೇ ಆಟ ನಿಲ್ಲಿಸಿ ಡಾಕ್ಟರಿಗೆ ತೋರಿಸ್ಬೇಕು. ವಾಂತಿ ಮೇಲೆ ವಾಂತಿ, ಏರ್ತಾ ಹೋಗೋ ತಲೆನೋವು, ತೊದಲು ಮಾತು, ಎಬ್ಬಿಸಿದ್ರೂ ಏಳದ ಮಂಪರು, ಫಿಟ್ಸ್, ಇವು ಕಂಡ್ರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಓಡ್ಬೇಕು. ಮೊದಲ ಏಟು ವಾಸಿಯಾಗೋ ಮುಂಚೆ ಇನ್ನೊಂದು ಬಿದ್ರೆ ಪ್ರಾಣಕ್ಕೇ ಬರಬಹುದು."

ತನ್ನ ಎರಡು ದಿನಗಳನ್ನು ಯಾರೋ ಎದುರಿಗೆ ಓದಿ ಹೇಳಿದಂತಾಯಿತು ಗುಬ್ಬಿಗೆ.

ಅಕ್ಕನಿಗೆ ಒಂದು ಉಪಾಯ ಹೊಳೆದಿತ್ತು. "ಹಾಗಾದ್ರೆ ಭಾನುವಾರ ಇವಳು ಗೋಲಲ್ಲಿ ನಿಲ್ಲಲಿ. ಗೋಲಲ್ಲಿರೋ ದರ್ಜಿಯಮ್ಮ ಮುಂದೆ ಬಂದು ಓಡ್ಲಿ. ಹೆಲ್ಮೆಟ್ ಇರುತ್ತೆ, ಕಾಲಿಗೆ ಪಟ್ಟಿ ಇರುತ್ತೆ. ಆಗುತ್ತಲ್ವೇನೇ?"

ಗೋಲಿನಲ್ಲಿ ನಿಂತವಳ ಕಡೆಗೇ ಎಲ್ಲ ಚೆಂಡು ಬರುವುದು. ಚಿಕ್ಕಮ್ಮ ಬೇಡವೆನ್ನಲು ಬಾಯಿ ತೆರೆದಳು. ಆದರೆ ಅಕ್ಕ ಕೇಳಿದ್ದು ಗುಬ್ಬಿಯನ್ನು; ಕಣ್ಣಲ್ಲಿ ಅಷ್ಟು ಆಸೆ ಇಟ್ಟುಕೊಂಡು ಕಾಯುತ್ತಿದ್ದಳು.

ಮುಂದೆ ಆದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಸಂಜೆಯೇ ಅಕ್ಕ ಗುಬ್ಬಿಯನ್ನು ಡಾಕ್ಟರ ಬಳಿ ಕರೆದೊಯ್ದಳು. ಎರಡು ದಿನ ಅಚ್ಚಿನ ಹಾಳೆಯಿಲ್ಲ, ಫೋನಿಲ್ಲ, ಓಟವಿಲ್ಲ. ಆಮೇಲೆ ನಿಧಾನದ ನಡಿಗೆ. ಕಾಲು ತಯಾರಾದ ಮೇಲೆ ಹಗುರ ಓಟ, ಒಬ್ಬಳೇ ಕೋಲು ಹಿಡಿದು ಅಭ್ಯಾಸ, ಡಾಕ್ಟರು ಒಪ್ಪಿದ ಮೇಲಷ್ಟೇ ತಂಡದ ಜೊತೆ. ಒಂದೊಂದು ಮೆಟ್ಟಿಲಿಗೂ ಕನಿಷ್ಠ ಒಂದು ದಿನ; ತಲೆನೋವು ಮರಳಿದರೆ ಒಂದು ಮೆಟ್ಟಿಲು ಕೆಳಗೆ. ಭಾನುವಾರ ಹನ್ನೊಂದೇ ಜನ ಆಡಿ ಸೋತರು, ದಣಿದು ಮನೆಗೆ ಬಂದರು, ಮಲಗಿದರು. ಯಾರ ಪ್ರಪಂಚವೂ ಮುಳುಗಲಿಲ್ಲ. ಐದನೆಯ ವಾರ ಗುಬ್ಬಿ ಮತ್ತೆ ಮೈದಾನದಲ್ಲಿದ್ದಳು.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ರಕ್ಷಣೆಯ ಸಾಮಾನು ಬೀರುವಿನಲ್ಲಿದ್ದರೆ ಇವತ್ತೇ ತೆಗೆಯಿರಿ. ಬಿದ್ದವರನ್ನು ಓಡಿಸಬೇಡಿ, ಕೂರಿಸಿ ಕೇಳಿ. ಪೆಟ್ಟು ನಿಮಗೇ ಬಿದ್ದಿದ್ದರೆ ತಂಡ ಏನೆಂದುಕೊಳ್ಳುತ್ತದೋ ಎಂದು ನುಂಗಿಕೊಳ್ಳಬೇಡಿ. ದೊಡ್ಡ ದನಿ ಬೇಕಾಗಿಲ್ಲ. ಗುಬ್ಬಿ ಹೇಳಿದ್ದೂ ಸಣ್ಣ ದನಿಯಲ್ಲೇ, ಅಕ್ಕನ ಕೈ ಹಿಡಿದುಕೊಂಡು:

"ಅಕ್ಕಾ, ಮಂಗಳವಾರ ನಿನ್ನ ಕೋಲು ನನ್ನ ತಲೆಗೆ ಬಡೀತು. ನಾನು ಯಾರಿಗೂ ಹೇಳಲಿಲ್ಲ."