ಹರಿಯುವ ರೊಟ್ಟಿಗೆ ಎಷ್ಟು ಅಂಕ

ಘೋಡಗೇರಿಯ ಹೊರಗಿರುವ ಜೋಳ ಸಂಶೋಧನಾ ಕೇಂದ್ರಕ್ಕೆ ಅಂಕ ಕೊಡಲು ಸರಕಾರದ ಪರವಾಗಿ ಯಾಸ್ಮೀನ ಬಂದಿದ್ದಳು. ಅಂಕ ಕಡಿಮೆಯಾದರೆ ಕೇಂದ್ರಕ್ಕೆ ಬೀಗ. ಮೂವತ್ತು ವರ್ಷದ ಹಿಂದೆ ಅವಳು ಕೆಲಸ ಕಲಿತದ್ದೇ ಇಲ್ಲಿ. ಹಾಗಾಗಿ ದಾರಿಯಲ್ಲಿ ಹತ್ತರಗಿ ದಾಟುವಾಗಲೇ, ಏನಾದರಾಗಲಿ ಉಳಿಸಿಯೇ ಹೋಗುವುದು ಎಂದು ಮನಸ್ಸಿನಲ್ಲಿ ತೀರ್ಮಾನಿಸಿಬಿಟ್ಟಿದ್ದಳು.

ಕೇಂದ್ರದ ಮುಖ್ಯಸ್ಥ ಮಲ್ಲೇಶ ಶಾಲು ಹೊದಿಸಿ, ಗೋಡಂಬಿ ತಿನ್ನಿಸಿ, ಪರದೆಯ ಮೇಲೆ ಪ್ರಬಂಧ, ಪ್ರಶಸ್ತಿಗಳನ್ನೆಲ್ಲ ತೋರಿಸಿದ. ಹೊಸ ತಳಿಯ ಇಳುವರಿಯಂತೂ ಹಳೆಯದರ ಒಂದೂವರೆಪಟ್ಟು. ಇಷ್ಟೆಲ್ಲ ಇದ್ದೂ ದಾರಿಯುದ್ದಕ್ಕೂ ಒಂದು ಹೊಲದಲ್ಲೂ ಆ ತಳಿ ಯಾಸ್ಮೀನಳ ಕಣ್ಣಿಗೆ ಬಿದ್ದಿರಲಿಲ್ಲ.

ಮೊದಲು ಹೀಗಿರಲಿಲ್ಲ. ಹೊಸ ತಳಿ ರಾಶಿಯಾದ ಕೂಡಲೇ ಊರಿನ ಹೆಂಗಸರು ಕೇಂದ್ರಕ್ಕೆ ಬಂದು, ಒಲೆ ಹೂಡಿ ರೊಟ್ಟಿ ಬಡಿಯುತ್ತಿದ್ದರು. ಸಾಹೇಬರು, ಆಳುಗಳು ಎಲ್ಲ ಒಂದೇ ಸಾಲಿನಲ್ಲಿ ಕೂತು ಝುಣಕ ಹಚ್ಚಿಕೊಂಡು ತಿನ್ನುವುದು. ಬಡಿಯುವಾಗ ರೊಟ್ಟಿ ಹರಿದರೆ ತಳಿ ನಪಾಸು. ಯಾಸ್ಮೀನಳ ಮೊದಲ ತಳಿಯನ್ನು ಅಲ್ಲವ್ವ ಎಂಬಾಕೆ ಯಾವ ಮುಲಾಜೂ ಇಲ್ಲದೆ ನಪಾಸು ಮಾಡಿದ್ದಳು. ಇವಳು ಗೋಡೆಯ ಮರೆಯಲ್ಲಿ ನಿಂತು ಅತ್ತಾಗ ಅದೇ ಅಲ್ಲವ್ವ ಬಂದು, "ಅಳಬ್ಯಾಡ ತಂಗಿ, ಮತ್ತ ಬೆಳಿ, ಮತ್ತ ಬಡೀತೀನಿ" ಎಂದಿದ್ದಳು. ಆ ಹೊಗೆ, ಆ ನಗು, ಆ ಜಗಳ ನೆನಪಾಗಿ ಯಾಸ್ಮೀನಳಿಗೆ ಸಂಕಟವಾಯಿತು.

"ಹೆಣ್ಮಕ್ಕಳ ಕಡೆಯಿಂದ ರೊಟ್ಟಿ ಬಡಿಸೋದು ಯಾಕ ಬಿಟ್ರಿ?" ಎಂದು ಕೇಳಿದಳು.

"ಅದಕ್ಕ ಅಂಕ ಇಲ್ಲಲ್ರಿ ಮೇಡಂ," ಎಂದ ಮಲ್ಲೇಶ.

ಅಂಕದ ನಿಯಮ ಮಾಡಿದ ಪುಣ್ಯಾತ್ಮರು ರೊಟ್ಟಿ ತಿನ್ನುವವರೋ ಅಲ್ಲವೋ!

"ನಿಮ್ಮ ಮನ್ಯಾಗ ಈ ಜ್ವಾಳ ತಿಂತೀರೇನು?"

ಅವನು ತಲೆ ತಗ್ಗಿಸಿದ. "ಇಲ್ರಿ. ಅವ್ವ ಹಳೇದನ್ನ ಬಿತ್ತತಾಳ್ರಿ. ಇದರ ರೊಟ್ಟಿ ಹರೀತೈತಿ ಅಂತಾಳ."

"ಅವರು ಎಂದಾರ ಇಲ್ಲಿಗೆ ಬಂದಾರೇನು?"

"ಇಲ್ರಿ. ಬಾ ಅಂತ ನಾನೂ ಎಂದೂ ಕರದಿಲ್ಲ."

ಉಳಿಸಲೆಂದು ಬಂದವಳ ಕೈ ತಡೆಯಿತು. ಕೇಂದ್ರದ ಮೇಲಿನ ಪ್ರೀತಿಗಾಗಿ ಸುಳ್ಳು ಅಂಕ ಕೊಟ್ಟರೆ ಉಳಿಯುವುದು ಬರೀ ಕಟ್ಟಡ. ರೈತರಿಗೆ ಆದ ಉಪಯೋಗ ಎಂಬಲ್ಲಿ ಅವಳು ಸೊನ್ನೆ ಬರೆದಳು. ಅದರ ಕೆಳಗೆ, ಒಂದು ವರ್ಷದ ಅವಕಾಶ ಕೊಡಬೇಕು, ಮುಂದಿನ ಸಲ ಅಂಕ ಕೊಡುವವರು ಊರಿನ ಹೆಂಗಸರಾಗಬೇಕು ಎಂದು ಸೇರಿಸಿದಳು. ಮೇಲಿನವರು ಒಪ್ಪುತ್ತಾರೋ ಇಲ್ಲವೋ, ಅವಳಿಗೂ ಗೊತ್ತಿರಲಿಲ್ಲ.

ಮಲ್ಲೇಶ ಆ ಸೊನ್ನೆಯನ್ನು ನೋಡಿದ. ಆಮೇಲೆ ಮೊಬೈಲು ತೆಗೆದು ಮನೆಗೆ ಫೋನು ಹಚ್ಚಿದ.

"ಯವ್ವಾ, ನಾಳೆ ನಮ್ಮ ಆಫೀಸಿಗೆ ಬರ್ತೀಯೇನು? ಬರುವಾಗ ರೊಟ್ಟಿ ಹಂಚು ತೊಗೊಂಬಾ."