ಚೇಳಿನೊಳಗಿನ ಗಾಜಿನೆಳೆ

ನಾನು ಒಂದು ಟಾರ್ಚು. ದಾರಿ ತೋರಿಸುವ ಟಾರ್ಚು ಅಂದುಕೊಳ್ಳಬೇಡಿ. ಕಾರ್ಖಾನೆಯಲ್ಲಿ ನನ್ನ ಬಾಯಿಗೆ ನೇರಳಾತೀತ ದೀಪ ಕೂರಿಸಿದ್ದಾರೆ. ಗುಂಡಿ ಒತ್ತಿದರೆ ಮಂಕು ನೇರಳೆ ಬಣ್ಣ, ಅಷ್ಟೇ. ಮೊದಲ ಸಲ ನೋಡಿದವರೆಲ್ಲ ಸೆಲ್ಲು ಮುಗಿದಿದೆ ಎಂದೇ ತಿಳಿಯುತ್ತಾರೆ.

ನನ್ನ ಮೊದಲ ಒಡೆಯ ಹೊಸಪೇಟೆಯಲ್ಲಿ ಕಾರಿನ ಎ.ಸಿ. ರಿಪೇರಿ ಮಾಡುವ ಖಾಜಾ. ಪೈಪಿನೊಳಗೆ ಅವನು ಒಂದು ಬಣ್ಣ ಬಿಡುತ್ತಿದ್ದ. ಗ್ಯಾಸು ಸೋರುವ ಕಡೆ ಅದು ನನ್ನ ಬೆಳಕಿಗೆ ಹಸಿರಾಗಿ ಹೊಳೆಯುತ್ತಿತ್ತು. ಬಾನೆಟ್ಟಿನ ಕೆಳಗೆ, ಗ್ರೀಸು ಮೆತ್ತಿದ ಅವನ ಗಡ್ಡ ನೋಡುತ್ತ ಎರಡು ವರ್ಷ ಕಳೆದೆ. ಒಂದು ದಿನ ಅವನ ಅಕ್ಕ ನಸ್ರೀನ್ ನನ್ನನ್ನು ತನಗೆ ಕೊಡೆಂದು ಅವನನ್ನು ಕೇಳಿದಳು. ಕೊಪ್ಪಳದ ಕಡೆಯ ಒಂದು ಕಾಲೇಜಿನಲ್ಲಿ ಚೇಳುಗಳನ್ನು ಅಭ್ಯಾಸ ಮಾಡುತ್ತಿದ್ದವಳು ಆಕೆ.

“ಚೇಳು ಹುಡುಕಾಕ ಟಾರ್ಚ್ ಬೇಕೇನು ಆಪಾ? ಜನ ಚೇಳು ಕಂಡ್ರ ಓಡ್ತಾರ, ನೀನು ಚೇಳಿನ ಹಿಂದ ಓಡ್ತೀಯಲ್ಲ!” ಎಂದು ನಗುತ್ತಲೇ ಕೊಟ್ಟುಬಿಟ್ಟ.

ಮುಸ್ಸಂಜೆಯ ಬಂಡೆಗಳ ಸಂದಿಯಲ್ಲಿ ನನ್ನ ಬೆಳಕು ಬಿದ್ದಾಗ, ಮಣ್ಣಿನ ಬಣ್ಣದ ಚೇಳು ಹಸಿರು ದೀಪವಾಗಿ ಹೊತ್ತಿಕೊಂಡಿತು. ಅದರ ಚಿಪ್ಪಿನ ಗುಣವೇ ಅಂಥದು. ಮೂರು ವರ್ಷ ಹೀಗೆ ಅಲೆದೆವು. ಒಂದು ಬಗೆಯ ಸಣ್ಣ ಚೇಳಿನ ಹೆಣ್ಣುಗಳು ಹತ್ತಾರು ಸಿಕ್ಕವು. ಗಂಡು ಸಿಕ್ಕಿದ್ದು ಒಂದೇ ಒಂದು.

ಆ ಒಂದರ ಮೇಲೆಯೇ ಎಲ್ಲ ನಿಂತಿತ್ತು. ಗಂಡು ಚೇಳು ಹೆಣ್ಣಿನ ಇಕ್ಕಳಗಳನ್ನು ಹಿಡಿದು ಕುಣಿಯುವಾಗ, ವೀರ್ಯ ತುಂಬಿದ ಒಂದು ಸಣ್ಣ ಕಡ್ಡಿಯನ್ನು ನೆಲಕ್ಕೆ ಊರುತ್ತದೆ. ಅದರ ಎರಡು ಹೋಳುಗಳು ಗಂಡಿನ ಹೊಟ್ಟೆಯೊಳಗೇ ತಯಾರಾಗುತ್ತವೆ. ಒಂದೊಂದು ಜಾತಿಗೆ ಒಂದೊಂದು ಆಕಾರ. ಅದನ್ನು ನೋಡಿದರೆ ಇದು ಹೊಸ ಜಾತಿಯೋ ಹಳೆಯದೋ ಹೇಳಬಹುದು. ಪ್ರಯೋಗಾಲಯದಲ್ಲಿ ಆ ಗಂಡು ಚೇಳನ್ನು ಕೊಯ್ಯುವಾಗ ಎಡಗಡೆಯ ಹೋಳು ಕತ್ತರಿಗೆ ಸಿಕ್ಕಿ ಪುಡಿಯಾಗಿತ್ತು. ಬಲಗಡೆಯದನ್ನು ನಸ್ರೀನ್ ಉಸಿರು ಬಿಗಿಹಿಡಿದು ತೆಗೆದು, ಗಾಜಿನ ಪಟ್ಟಿಯ ಮೇಲಿನ ನೀರಹನಿಯಲ್ಲಿ ಇಟ್ಟಳು. ಹೋಳೂ ಗಾಜಿನಷ್ಟೇ ಪಾರದರ್ಶಕ, ಗಾಜಿನ ಮೇಲೆ ಗಾಜಿನೆಳೆ. ಕಣ್ಣಿಗೆ ಕಾಣುವುದೇ ಕಷ್ಟ. ಅಷ್ಟರಲ್ಲಿ ಪ್ರಿನ್ಸಿಪಾಲರು ಕರೆದರು, ಎದ್ದುಹೋದಳು.

ಬಂದದ್ದು ಹುಲಿಗೆಮ್ಮ. ಹನ್ನೆರಡು ವರ್ಷದಿಂದ ಪ್ರಯೋಗಾಲಯ ಗುಡಿಸಿ ಒರೆಸುವವಳು. ಹುಡುಗರು ಒದ್ದೆ ಗಾಜು ಬಿಟ್ಟುಹೋದರೆ ಕಲೆಯಾಗುತ್ತದೆಂದು ತಕ್ಷಣ ಒರೆಸಿಡುವುದು ಅವಳ ರೂಢಿ. ಅಂದೂ ಒರೆಸಿ, ಫಳಫಳ ಮಾಡಿ ಇಟ್ಟಳು.

ನಸ್ರೀನ್ ಮರಳಿ ಬಂದು ಒಣಗಿದ ಗಾಜು ನೋಡಿದವಳೇ ಹುಲಿಗೆಮ್ಮನನ್ನು ಕೂಗಿ ಕರೆದಳು. ವಿಷಯ ತಿಳಿದ ಹುಲಿಗೆಮ್ಮನ ಮುಖ ಬಿಳಚಿತು.

“ಯವ್ವಾ, ನನ್ನ ಕೈ ಸೇದಿಹೋಗ್ಲಿ! ನೌಕರಿ ಹೋದ್ರ ಹೋಗ್ಲಿ ಮೇಡಂರೀ, ನಿಮ್ಮ ಮೂರು ವರ್ಷ ಒರಸಿ ಒಗದೆನಲ್ರಿ... ಚೇಳು ಹೊಳೀತದಂದ್ರ ಅದರ ಒಳಗಿಂದೂ ಹೊಳಿಯಾಂಗಿಲ್ಲೇನ್ರಿ?”

“ಹೊಳಿಯೂದು ಮೈಮ್ಯಾಲಿನ ಚಿಪ್ಪು, ಹುಲಿಗೆಮ್ಮಕ್ಕ. ಒಳಗಿಂದು ಹೊಳೀತದ ಅಂತ ನಾನಂತೂ ಎಲ್ಲೂ ಓದಿಲ್ಲ.”

“ನೀವು ಓದಿಲ್ಲ ಅಂತ ಅದು ಸುಮ್ಮನಿರ್ತದೇನ್ರಿ? ಹಚ್ಚರಿ ಟಾರ್ಚು!”

ಕಿಟಕಿಗೆ ಕಂಬಳಿ ಕಟ್ಟಿದರು. ನನ್ನನ್ನು ಹಚ್ಚಿದರೆ ಒರೆಸುವ ಬಟ್ಟೆ ಪೂರ್ತಿ ನೀಲಿಯಾಗಿ ಝಗ್ಗೆಂದಿತು. ಸೋಪಿನ ಪುಡಿಯ ಹೊಳಪು ಅದು. ನನಗೇ ನಾಚಿಕೆಯಾಯಿತು, ಬೇಕಾದ್ದನ್ನು ಬಿಟ್ಟು ಎಲ್ಲವನ್ನೂ ತೋರಿಸಿದ್ದೆ.

ಹುಲಿಗೆಮ್ಮ ಒಂದು ಕಪ್ಪು ತಟ್ಟೆಯಲ್ಲಿ ನೀರು ಹಾಕಿ, ಬಟ್ಟೆಯನ್ನು ಮೆಲ್ಲಗೆ ಜಾಲಾಡಿಸಿ ತೆಗೆದಳು. ಆಮೇಲೆ ಅಕ್ಕಿಯೊಳಗಿನ ಕಲ್ಲು ತೆಗೆಯುವ ಹಾಗೆ ತಟ್ಟೆಯನ್ನು ಆಡಿಸುತ್ತ, ತೇಲಿದ ಎಳೆಗಳನ್ನು ನೀರಿನೊಂದಿಗೆ ಬಸಿದಳು. ಒಮ್ಮೆ, ಎರಡು ಸಲ, ಐದು ಸಲ. ನೀಲಿ ಎಳೆಗಳೆಲ್ಲ ಹರಿದುಹೋದವು. ತಳದಲ್ಲಿ ಒಂದು ಚೂರು ಉಳಿಯಿತು: ಸಣ್ಣ ಕುಡುಗೋಲಿನ ಆಕಾರ, ತಿಳಿಹಸಿರು ಹೊಳಪು.

“ಅಲುಗಾಡಬ್ಯಾಡ ಅಕ್ಕಾ,” ಎಂದು ನಸ್ರೀನ್ ಕುಂಚದ ತುದಿಯಿಂದ ಎತ್ತಿಕೊಂಡಳು. ಮುರಿದಿರಲಿಲ್ಲ. ಸೂಕ್ಷ್ಮದರ್ಶಕದಿಂದ ಅವಳು ತಲೆಯೆತ್ತಿದಾಗ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. ಹುಲಿಗೆಮ್ಮ ನೆಲದ ಮೇಲೇ ಕಾಲು ಚಾಚಿ ಕೂತು, “ಚಾ ತರಸ್ರಿ ಮೇಡಂ, ಜೀವ ಬಂತು,” ಎಂದಳು.

ಚೇಳು ಹೊಸ ಜಾತಿಯದೇ ಆಗಿತ್ತು. ಒಳಗಿನ ಗಾಜಿನೆಳೆ ಹೊಳೆಯುವ ಸಂಗತಿಯನ್ನೂ ನಸ್ರೀನ್ ತನ್ನ ಸಂಶೋಧನಾ ಲೇಖನದಲ್ಲಿ ಬರೆದಳು. ಕೊನೆಯಲ್ಲಿ ಹುಲಿಗೆಮ್ಮನಿಗೆ ಕೃತಜ್ಞತೆ ಹೇಳಿದಳು.

ಈಗ ನನಗೆ ವಯಸ್ಸಾಗಿದೆ. ಸ್ಪ್ರಿಂಗಿಗೆ ತುಕ್ಕು, ಬೆಳಕು ಇನ್ನಷ್ಟು ಮಂಕು. ಸಂಶೋಧನೆಗೆ ಹೊಸ ಟಾರ್ಚು ಬಂದಿದೆ. ನಾನು ಹುಲಿಗೆಮ್ಮನ ಡ್ರಾಯರಿನಲ್ಲಿದ್ದೇನೆ. ಯಾವ ಮೇಜು ಒರೆಸುವ ಮೊದಲೂ ಅವಳು ನನ್ನನ್ನು ಒಮ್ಮೆ ಆಡಿಸುತ್ತಾಳೆ, ಚಹಾದ ಕಲೆಯಿದ್ದರೂ ಸರಿ. ಏನೂ ಹೊಳೆಯದಿದ್ದರೆ “ಹಾಂ, ನಿರಾಳ” ಎಂದು ಉಸಿರು ಬಿಡುತ್ತಾಳೆ. ಹೊಳೆಯುವುದನ್ನು ತೋರಿಸಲೆಂದೇ ಹುಟ್ಟಿದವನು ನಾನು. ಏನೂ ತೋರಿಸದೆಯೂ ಒಬ್ಬಳಿಗೆ ಇಷ್ಟು ನೆಮ್ಮದಿ ಕೊಡಬಹುದೆಂದು ಮುಪ್ಪಿನಲ್ಲಿ ತಿಳಿಯಿತು.