ಗೂಟದ ಕೆಳಗಿನ ಗೆರೆಗಳು

ಬಂಗಾರದ ಹಾಳೆ ಬಡಿಯುವ ಆ ಕೋಣೆಗೆ ಗಾಳಿಯೇ ಮೊದಲ ಕಳ್ಳ. ಚಿತ್ರದ ಚೌಕಟ್ಟಿಗೆ, ದಪ್ಪ ಪುಸ್ತಕದ ಅಂಚಿಗೆ ಹಚ್ಚುವ ಹಾಳೆ ಅದು. ಯಾರಾದರೂ ಸೀನಿದರೆ ಹಾರಿ ತೊಲೆಯ ಮೇಲೆ ಕೂರುವಷ್ಟು ತೆಳು. ಹಾಗಾಗಿ ಕಿಟಕಿಗಳ ಸಂದಿಗೆಲ್ಲ ಬಟ್ಟೆ ತುರುಕಿದ್ದರು. ಸೂರಿನಲ್ಲಿ ಫ್ಯಾನು ಇತ್ತು, ಇಲ್ಲವೆಂದಲ್ಲ. ಅದರ ಸ್ವಿಚ್ಚಿಗೆ ಹನ್ನೆರಡು ವರ್ಷದ ಹಿಂದೆ ಅಂಟಿಸಿದ ಕಪ್ಪು ಟೇಪು ಈಗ ಗೋಡೆಯದೇ ಮಚ್ಚೆಯಂತೆ ಕೂತಿತ್ತು.

ಗಾಳಿ ಬಿಟ್ಟರೆ ಉಳಿದ ಕಳ್ಳರು ಯಾರೆಂದು ನೋಡಿಕೊಳ್ಳುವ ಕೆಲಸ ತಕ್ಕಡಿಯಕ್ಕನದು. ಬೆಳಿಗ್ಗೆ ಬಂಗಾರ ತೂಗಿ ಕೊಡುವವಳೂ ಅವಳೇ, ಸಂಜೆ ಹಾಳೆ, ಚೂರು, ಪುಡಿ ಎಲ್ಲವನ್ನೂ ತೂಗಿ ವಾಪಸು ತೆಗೆದುಕೊಳ್ಳುವವಳೂ ಅವಳೇ. ಬಾಗಿಲ ಪಕ್ಕ ಮೇಜು ಹಾಕಿಕೊಂಡು ಕೂತರೆ ಅವಳ ಕಣ್ಣು ತಪ್ಪಿಸಿ ನೊಣವೂ ಹೊರಗೆ ಹೋಗುವಂತಿರಲಿಲ್ಲ. ನೀರಿಗೋ ಮೂತ್ರಕ್ಕೋ ಹಿತ್ತಲಿಗೆ ಹೋಗುವವರು ಮೊದಲು ಮೇಜಿನ ಮೇಲಿನ ತಟ್ಟೆಯಲ್ಲಿ ಕೈ ಕೊಡವಬೇಕು, ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಬೇಕು. ಅಷ್ಟಾದ ಮೇಲೆ ಅವಳು ಎದ್ದು, ಅವರವರ ಅಂಗಿ ತೂಗುಹಾಕುವ ಗೂಟದ ಕೆಳಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದಳು. ಅಕ್ಷರ ಅವಳಿಗೆ ಅಷ್ಟಕ್ಕಷ್ಟೆ. ಗೆರೆ ಮಾತ್ರ ಚೆನ್ನಾಗಿ ಓದಲು ಬರುತ್ತಿತ್ತು. ಗೆರೆ ಹೆಚ್ಚಾದವರ ಮೇಲೆ ಅವಳ ಕಣ್ಣೂ ಹೆಚ್ಚು.

ಆ ಬೇಸಿಗೆ ಎಂದಿನಂತಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೇ ತಗಡಿನ ಸೂರು ಬಿಸಿಗೆ ಹಿಗ್ಗಿ ಟಕ್ ಟಕ್ ಎನ್ನುತ್ತಿತ್ತು. ಬಡಿಯುವವರು ಬರಿಮೈಯಲ್ಲಿ, ತಲೆಗೊಂದು ಟವೆಲು ಸುತ್ತಿಕೊಂಡು, ಕಾಗದದ ನಡುವೆ ಬಂಗಾರವಿಟ್ಟು ಬಿಗಿದ ಕಟ್ಟನ್ನು ಕಲ್ಲಿನ ಮೇಲಿಟ್ಟು ಅದರ ಮೇಲೆ ಸುತ್ತಿಗೆಯ ಏಟು ಹಾಕುತ್ತ ಬೆವರಿನಲ್ಲಿ ತೊಯ್ದುಹೋಗುತ್ತಿದ್ದರು. ಅದೇ ಹೊತ್ತಿಗೆ ಸರಿಯಾಗಿ ಸಂಜೆಯ ತೂಕ ಕಡಿಮೆ ಬರತೊಡಗಿತು. ಕೂದಲೆಳೆಯಷ್ಟೇ. ಆದರೆ ದಿನವೂ.

"ಅಕ್ಕಾ, ನಿನ್ನ ಕಣ್ಣಿಗೆ ಬೀಳದೆ ಇಲ್ಲಿ ಯಾರು ತಾನೇ ಕದೀತಾರೆ?" ಎಂದು ಯಜಮಾನರು ನಗುತ್ತಲೇ ಕೇಳಿದ್ದರು. ನಗುವಿನೊಳಗಿನ ಮುಳ್ಳು ಅವಳಿಗೆ ಚುಚ್ಚದೆ ಇರಲಿಲ್ಲ. ಏಕೆಂದರೆ ಅಲ್ಲಿ ದೊಡ್ಡ ಸುತ್ತಿಗೆ ಹಿಡಿಯುವವನು ಅವಳ ಸ್ವಂತ ತಮ್ಮ. ಅವ್ವ ಸತ್ತಾಗ ತೊಟ್ಟಿಲಲ್ಲಿದ್ದ ಕೂಸನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಈಗ ಅವನಿಗೆ ನಲವತ್ತರ ಹತ್ತಿರ ಹತ್ತಿರ. ಇಬ್ಬರದೂ ಒಂದೇ ಮನೆ, ಒಂದೇ ಒಲೆ.

ತಮ್ಮನ ಗೂಟದ ಕೆಳಗೆ ವಾರದಿಂದ ಒಂದೂ ಗೆರೆ ಇರಲಿಲ್ಲ. ಬೆಳಿಗ್ಗೆ ಸುತ್ತಿಗೆ ಹಿಡಿದರೆ ಊಟದ ಗಂಟೆಯವರೆಗೆ ಕದಲುತ್ತಿರಲಿಲ್ಲ. ಆ ಖಾಲಿ ಗೋಡೆಯನ್ನು ನೋಡಿದಾಗೆಲ್ಲ ಅವಳಿಗೆ ಎದೆ ಉಬ್ಬುತ್ತಿತ್ತು.

ಅದಕ್ಕೆ ತದ್ವಿರುದ್ಧ ಬಿಂದಿಗೆ. ಕಳೆದ ವರ್ಷ ಗಾಜಿನ ಕುಲುಮೆ ಬಿಟ್ಟು ಇಲ್ಲಿಗೆ ಬಂದವನು. ಗಂಟೆಗೆ ಎರಡು ಸಲ ನೀರಿಗೆ ಏಳುತ್ತಿದ್ದುದರಿಂದ ಆ ಹೆಸರು ಅಂಟಿತ್ತು. ಅವನ ಗೂಟದ ಕೆಳಗೆ ಗೆರೆ ಎಳೆಯಲು ಗೋಡೆಯೇ ಸಾಲುತ್ತಿರಲಿಲ್ಲ.

"ತೆಗಿ ಬಾಯಿ," ಎಂದಳು ಅಕ್ಕ ಅಂದು ಬೆಳಿಗ್ಗೆ ನಾಲ್ಕನೆಯ ಸಲ.

"ಆ... ನೋಡಕ್ಕಾ, ಒಳಗೆ ಇನ್ನೇನಾದ್ರೂ ಕಂಡ್ರೆ ಹೇಳು. ಒಂದು ಹಲ್ಲು ಅಲ್ಲಾಡ್ತಿದೆ."

"ಹಲ್ಲಲ್ಲ ನಾಲಿಗೆ ಅಲ್ಲಾಡೋದು ಜಾಸ್ತಿ ನಿಂದು. ಬಾಯಾರಿಕೆ ಇಲ್ದೆ ಇದ್ರೂ ಯಾಕಪ್ಪ ಹೋಗ್ತೀಯ?"

"ಬಾಯಾರೋವರೆಗೂ ಕಾದ್ರೆ ತಡವಾಗುತ್ತೆ ಅಂತ ಕುಲುಮೇಲಿ ಕಲಿಸಿದ್ರು." ಅವನು ಗೋಡೆ ಕಡೆ ನೋಡಿದ. "ನನ್ನ ಗೆರೆ ಎಣಿಸ್ತೀಯ ಸರಿ. ನಿನ್ನ ತಮ್ಮನ ಗೂಟದ ಕೆಳಗೆ ಯಾಕೆ ಇಲ್ಲ ಅಂತ ಒಂದ್ಸಲ ಆದ್ರೂ ಕೇಳಿದೀಯ?"

"ಅವನು ನಿನ್ ಥರ ಅಲ್ಲ."

"ಅದೇ ನಂಗೂ ಭಯ," ಎಂದು ಅವನು ಹಿತ್ತಲಿಗೆ ನಡೆದ.

ಈ ಮಾತು ಅವಳ ತಲೆಯೊಳಗೆ ಕಣಜದಂತೆ ಗುಂಯ್‌ಗುಟ್ಟಿತು. ಏನು ಭಯ? ಕಳ್ಳನಿಗೆ ನಿಯತ್ತಿನವನ ಭಯವೇ? ಅಥವಾ ಇಬ್ಬರೂ ಕೂಡಿ ಏನಾದರೂ ನಡೆಸಿದ್ದಾರೆಯೇ? ಅಂದಿನಿಂದ ಅವಳು ತಮ್ಮನನ್ನೂ ಓರೆಗಣ್ಣಿನಿಂದ ನೋಡತೊಡಗಿದಳು.

ನೋಡಿದರೆ ಕಾಣುವುದಕ್ಕೇನು ಕೊರತೆ? ಊಟದ ಹೊತ್ತಿನಲ್ಲಿ ಬಿಂದಿಗೆ ಅವನ ಕಿವಿಯಲ್ಲಿ ಏನೋ ಹೇಳುತ್ತಿದ್ದ; ಅವಳು ಹತ್ತಿರ ಹೋದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಮನೆಯಲ್ಲಿ ತಮ್ಮ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದ. ತಲೆ ಸಿಡಿಯುತ್ತಿದೆ, ಹೊಟ್ಟೆ ತೊಳೆಸುತ್ತಿದೆ ಎನ್ನುತ್ತಿದ್ದ. ಕೂತಲ್ಲೇ ಮೀನಖಂಡ ಗಂಟು ಕಟ್ಟಿಕೊಂಡು ಹಲ್ಲು ಕಚ್ಚುತ್ತಿದ್ದ. ಎಂದೂ ಎದುರು ಮಾತಾಡದವನು, ಉಪ್ಪಿನ ಡಬ್ಬಿ ಎಲ್ಲಿ ಎಂದು ಕೇಳಿದ್ದಕ್ಕೆ, "ನಂಗೇನು ಗೊತ್ತು, ಅದನ್ನೂ ಕದ್ದಿದೀನಾ?" ಎಂದು ಸಿಡುಕಿದ.

ತಲೆನೋವು, ವಾಕರಿಕೆ, ಸಿಡುಕು. ಅವರಪ್ಪ ಕುಡಿದು ಬರುತ್ತಿದ್ದ ದಿನಗಳಿಂದಲೂ ಅಕ್ಕನಿಗೆ ಈ ಲಕ್ಷಣಗಳು ಬಾಯಿಪಾಠ. ತಮ್ಮ ನಲ್ಲಿಯ ಹತ್ತಿರ ಹೋದಾಗ ಅವನ ಅಂಗಿ ಮೂಸಿ ನೋಡಿದಳು. ಬೆವರಿನ ವಾಸನೆ ಬಿಟ್ಟು ಬೇರೆ ಏನೂ ಇರಲಿಲ್ಲ. ಇಲ್ಲದ್ದರಿಂದಲೇ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ಮರುದಿನ ಎಲ್ಲರಿಗಿಂತ ಮೊದಲು ಹೋಗಿ ಬಾಗಿಲು ತೆಗೆದಳು. ತಮ್ಮನ ಕಲ್ಲಿನ ಹಿಂದಿನ ಗೋಣಿ ಎತ್ತಿದರೆ ಅಲ್ಲೊಂದು ಬಾಟಲಿ! ಕುತ್ತಿಗೆಯವರೆಗೆ ತುಂಬಿದ ಮಬ್ಬು ನೀರು. ಮೂಸಿದಳು: ವಾಸನೆಯಿಲ್ಲ. ನಾಲಿಗೆಗೆ ಹಚ್ಚಿ ನೋಡುವ ಧೈರ್ಯವಾಗಲಿಲ್ಲ. ವಾಸನೆಯೇ ಬಾರದ ಮಾಲು ಬಂದಿದೆಯಂತೆ ಎಂದು ಯಾರೋ ಹೇಳಿದ್ದು ನೆನಪಾಯಿತು. ಹಿತ್ತಲ ಮೋರಿಗೆ ಸುರಿದು, ಬಾಟಲಿಯನ್ನು ತನ್ನ ಮೇಜಿನ ಕೆಳಗೆ ಬಚ್ಚಿಟ್ಟಳು. ಯಾರು ಹುಡುಕುತ್ತಾರೋ ನೋಡೇಬಿಡೋಣ ಎಂದು ಕಾದು ಕೂತಳು.

ಹುಡುಕಿದವನು ತಮ್ಮ. ಹತ್ತು ಗಂಟೆಯ ಹೊತ್ತಿಗೆ ಗೋಣಿಯೊಳಗೆ ಕೈ ಹಾಕಿದ, ತಡಕಿದ, ಬಿಂದಿಗೆಯ ಮುಖ ನೋಡಿದ. ಬಿಂದಿಗೆ ತಲೆಯಾಡಿಸಿ ಹಿತ್ತಲಿನತ್ತ ಕೈ ತೋರಿಸಿದ. ತಮ್ಮ ಒಮ್ಮೆ ಮೇಜಿನ ಕಡೆ, ಒಮ್ಮೆ ತಟ್ಟೆಯ ಕಡೆ ನೋಡಿ, ಏಳದೆ ಮತ್ತೆ ಸುತ್ತಿಗೆ ಹಿಡಿದ. ಅಕ್ಕ ಮನಸ್ಸಿನಲ್ಲೇ, ಸಿಕ್ಕಿಬಿದ್ದೆ ಮಗನೇ, ಅಂದುಕೊಂಡಳು.

ಹನ್ನೊಂದಾಯಿತು. ಹನ್ನೆರಡಾಯಿತು. ಸೂರಿನ ಟಕ್ ಟಕ್ ಕೂಡ ನಿಂತುಹೋಯಿತು. ಹಿಗ್ಗುವಷ್ಟು ಹಿಗ್ಗಿ ಮುಗಿದಿತ್ತು. ಮೂಲೆಯಲ್ಲಿ ಬಿದಿರಿನ ಚಿಮಟದಿಂದ ಹಾಳೆ ಎತ್ತಿ ಕಾಗದದ ನಡುವೆ ಮಲಗಿಸುವ ಚಿಮಟಜ್ಜಿ, "ಇವತ್ತು ನಾನೇ ಬೆಂದು ಹಾಳೆಯಾಗ್ತೀನಿ," ಎಂದು ಗೊಣಗಿದಳು.

ಅಷ್ಟರಲ್ಲಿ ಅಕ್ಕನ ಕಿವಿ ನಿಮಿರಿತು. ತಮ್ಮನ ಏಟಿಗೊಂದು ಲಯವಿತ್ತು: ಮೂರು ಭಾರ, ಒಂದು ಹಗುರ. ಇಪ್ಪತ್ತು ವರ್ಷದಿಂದ ಅದೇ. ಈಗ ಎರಡು ಭಾರ ಬಿತ್ತು, ಆಮೇಲೆ ಬರಿಗಲ್ಲಿನ ಮೇಲೆ ಒಂದು, ಆಮೇಲೆ ಏನೂ ಇಲ್ಲ. ತಿರುಗಿ ನೋಡಿದರೆ ಅವನು ಸುತ್ತಿಗೆ ಕೆಳಗಿಟ್ಟು, ಗೋಡೆ ಹಿಡಿದು ನಿಂತು, ತೂಗಾಡುತ್ತಿದ್ದ.

"ಅವ್ವಾ... ಬಾಗ್ಲು... ಎಲ್ಲಿ ಹೋಯ್ತು ಬಾಗ್ಲು," ಎಂದ. ನಾಲಿಗೆ ದಪ್ಪವಾಗಿ ಮಾತು ತೊದಲುತ್ತಿತ್ತು.

"ನೋಡ್ರಪ್ಪಾ!" ಎಂದು ಅಕ್ಕ ಎದ್ದಳು. ನಾಚಿಕೆ, ಸಿಟ್ಟು ಎರಡೂ ಒಟ್ಟಿಗೆ ನೆತ್ತಿಗೇರಿದ್ದವು. "ಹಾಡಹಗಲೇ ಕುಡಿದು ಕೂತಿದಾನೆ! ಸತ್ತ ಅವ್ವನ್ನ ಕರೀತಿದಾನೆ! ಹೋಗು, ಆ ಮೂಲೇಲಿ ಬಿದ್ಕೊ, ಇಳಿಯೋವರೆಗೂ ಏಳಬೇಡ!"

ತಮ್ಮ ಮೂಲೆಗೂ ಹೋಗಲಿಲ್ಲ. ಮಂಡಿ ಮಡಿಸಿ ಕುಸಿದ.

ಬಿಂದಿಗೆ ಅವಳನ್ನು ತಳ್ಳಿಕೊಂಡೇ ಓಡಿಬಂದು ಅವನ ಕುತ್ತಿಗೆ ಮುಟ್ಟಿದ, ಕೈ ಹಿಂದಕ್ಕೆಳೆದುಕೊಂಡ. "ಕಾದ ಹೆಂಚು ಇದ್ದಂಗಿದೆ. ಅಕ್ಕಾ, ಕುಡಿತ ಅಲ್ಲ ಇದು. ಸೆಕೆಯ ಹೊಡೆತ, ಬಿಸಿ ತಲೆಗೆ ಏರಿದೆ. ಆಂಬುಲೆನ್ಸಿಗೆ ಫೋನ್ ಮಾಡ್ಸು ಮೊದ್ಲು."

"ಸುಳ್ಳು ಬೊಗಳಬೇಡ. ಬಾಟಲಿ ನಾನೇ ನೋಡಿದೀನಿ."

"ಉಪ್ಪು ಸಕ್ಕರೆ ನೀರು ಅದು! ನಾನೇ ಕಲಸಿ ಇಟ್ಟಿದ್ದು. ನಿನ್ನ ಮೇಜು ದಾಟಿ ಹೋಗಲ್ಲ ಅಂತ ಹಟ ಮಾಡಿದ್ನಲ್ಲ. 'ನಾನು ಎದ್ದುಹೋದ್ರೆ ಅಕ್ಕ ತಮ್ಮನ್ನ ಸರಿಯಾಗಿ ನೋಡದೆ ಬಿಟ್ಟು ಕಳಿಸಿದ್ಲು ಅಂತಾರೆ, ಅಕ್ಕನ ಹೆಸರು ಕೆಡುತ್ತೆ' ಅಂದ." ಮಾತಾಡುತ್ತಲೇ ಅವನು ತಮ್ಮನ ಸೊಂಟದ ಪಟ್ಟಿ ಬಿಚ್ಚುತ್ತಿದ್ದ. "ಕುಲುಮೇಲಿ ನಮ್ಮಣ್ಣನೂ ಹಿಂಗೇ ತೊದಲಿದ. ಕುಡಿದಿದಾನೆ ಅಂತ ಮೂಲೆಗೆ ಮಲಗಿಸಿದ್ರು. ಸಂಜೆ ಎಬ್ಬಿಸೋಕೆ ಹೋದ್ರೆ ಎದ್ದೇಳಲಿಲ್ಲ."

ತಕ್ಕಡಿಯಕ್ಕನ ಬೆರಳು ಮೂಲೆಯ ಕಡೆಗೆ ಇನ್ನೂ ಚಾಚಿಕೊಂಡೇ ಇತ್ತು.

ಆಮೇಲೆ ಅವಳು ಅನುಮಾನಿಸುತ್ತ ನಿಲ್ಲಲಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿ ಎಂದು ಮುಂದಿನ ಕೋಣೆಯಲ್ಲಿದ್ದ ಯಜಮಾನರಿಗೆ ಕೂಗಿ ಹೇಳಿ, ಹಿತ್ತಲಿನ ಹಂಡೆಯಿಂದ ಬಕೆಟ್ಟು ತುಂಬಿ ತಂದು ತಮ್ಮನ ಮೈಮೇಲೆ ಸುರಿದಳು. ಇನ್ನೊಂದು ತಂದಳು. ಚಿಮಟಜ್ಜಿ ಸೆರಗಿನ ಗಂಟಿನಿಂದ ಜ್ವರದ ಮಾತ್ರೆ ತೆಗೆದು ಲೋಟದ ನೀರಿನ ಜೊತೆ ಬಾಯಿಗಿಡಲು ಬಂದರೆ ಬಿಂದಿಗೆ ತಡೆದ. "ಬೇಡಜ್ಜಿ. ಈ ಜ್ವರ ಮಾತ್ರೆಗೆ ಬಗ್ಗಲ್ಲ. ಎಚ್ಚರ ಇಲ್ದೋನ ಬಾಯಿಗೆ ನೀರೂ ಹಾಕಬಾರ್ದು, ಶ್ವಾಸಕ್ಕೆ ಹೋಗುತ್ತೆ. ನೀರೆಲ್ಲ ಮೈಮೇಲೆ. ಯಜಮಾನ್ರ ಐಸ್ ಪೆಟ್ಟಿಗೇಲಿ ಏನಿದೆಯೋ ತನ್ನಿ, ಕಂಕುಳಿಗೆ, ಕತ್ತಿಗೆ, ತೊಡೆಸಂದಿಗೆ ಇಡಬೇಕು." ಸುತ್ತ ನೋಡಿದ. "ಹಿತ್ತಲಲ್ಲಿ ನೆತ್ತಿ ಮೇಲೆ ಬಿಸಿಲು, ನೆರಳಿಲ್ಲ. ಇಲ್ಲಿ ಗಾಳಿಯಿಲ್ಲ. ಒದ್ದೆ ಮೈಗೆ ಗಾಳಿ ಬೀಸಬೇಕಕ್ಕಾ, ಗಾಳಿ!"

ಎಲ್ಲರ ಕಣ್ಣೂ ಕಪ್ಪು ಟೇಪಿನ ಕಡೆ ತಿರುಗಿದವು. ಹಲಗೆಗಳ ಮೇಲೆ ಅಂದಿನ ಹಾಳೆಗಳೆಲ್ಲ ಬಿಚ್ಚಿಕೊಂಡು ಮಲಗಿದ್ದವು. ಬಾಗಿಲಲ್ಲಿ ನಿಂತಿದ್ದ ಯಜಮಾನರು, "ಅಕ್ಕಾ, ಒಂದು ನಿಮಿಷ, ಅವನ್ನ ಮುಚ್ಚಿ..." ಎನ್ನುವಷ್ಟರಲ್ಲಿ ಅವಳು ಉಗುರು ಹಾಕಿ ಟೇಪನ್ನು ಸುಣ್ಣದ ಸಮೇತ ಕಿತ್ತಿದ್ದಳು.

ಫ್ಯಾನು ಒಮ್ಮೆ ಕೆಮ್ಮಿತು, ಧೂಳುದುರಿಸಿತು, ತಿರುಗಿತು. ಬಂಗಾರ ಎದ್ದಿತು. ಚಿಮಟಜ್ಜಿ ಅಯ್ಯೋ ಎಂದು ಒಂದು ಹಲಗೆಯ ಮೇಲೆ ಬೋರಲು ಬಿದ್ದಳು. ಉಳಿದದ್ದೆಲ್ಲ ಕೋಣೆಯ ತುಂಬ ಹಾರಿ, ಸುತ್ತಿ, ತೊಲೆಗೂ ಗೋಡೆಗೂ ತಲೆಗೂ ಅಂಟಿತು. ಅಕ್ಕ ಅದೊಂದನ್ನೂ ನೋಡಲಿಲ್ಲ. ಮಂಡಿಯೂರಿ ಕೂತು, ರಟ್ಟಿನ ತುಂಡಿನಿಂದ ಬೀಸುತ್ತಲೇ, "ಲೋ, ನನ್ನ ನೋಡೋ, ಬಾಗ್ಲು ಇಲ್ಲೇ ಇದೆಯೋ," ಎನ್ನುತ್ತಿದ್ದಳು.

ಬೀಸುತ್ತ ಬೀಸುತ್ತ ಅವಳ ಕೈ ನಿಧಾನವಾಯಿತು. ತಮ್ಮನ ಒದ್ದೆ ಎದೆ, ತೋಳು, ಕತ್ತು ಎಲ್ಲ ಬಂಗಾರವಾಗಿತ್ತು. ಹಾರಿದ ಚೂರುಗಳೆಲ್ಲ ಅವನ ಮೈಗೆ ಬಂದು ಕೂತಿದ್ದವು. ನೀರು ಸುರಿದರೆ ಜಾರಿ, ಅವನ ತಲೆಯಿಂದ ಬಿಚ್ಚಿಬಿದ್ದ ಟವೆಲಿಗೆ ಇಳಿಯುತ್ತಿದ್ದವು. ಅವಳು ಆ ಟವೆಲನ್ನು ನೋಡಿದಳು. ಆಮೇಲೆ ಬೇರೆ ಬಡಿಯುವವರ ತಲೆಗೆ ಸುತ್ತಿದ ಟವೆಲುಗಳನ್ನು ನೋಡಿದಳು. ಚಳಿಗಾಲದಲ್ಲಿ ಅಂಚಿನ ಚೂರನ್ನು ಬ್ರಷ್ಷಿನಿಂದ ಗುಡಿಸುವ ಕೈ, ಈ ಬೇಸಿಗೆಯಲ್ಲಿ ಬೆವರಿಗೆ ಅಂಟಿಸಿಕೊಂಡು ಟವೆಲಿಗೆ ಒರೆಸುತ್ತಿತ್ತು. ನಾಲಿಗೆಯ ಕೆಳಗೆ ಹುಡುಕಿದ ಕಳ್ಳ ಎಲ್ಲರ ತಲೆಯ ಮೇಲೇ ಕೂತಿದ್ದ.

ಆಂಬುಲೆನ್ಸು ಬರುವವರೆಗೂ ನೀರು ನಿಲ್ಲಲಿಲ್ಲ, ಗಾಳಿ ನಿಲ್ಲಲಿಲ್ಲ. ಬಂದ ನರ್ಸು ಸ್ಟ್ರೆಚರಿನ ಮೇಲಿನ ಹೊಳೆಯುವ ಮನುಷ್ಯನನ್ನು ಕಂಡು ಒಂದು ಗಳಿಗೆ ದಂಗಾದಳು.

ಆಸ್ಪತ್ರೆಯಲ್ಲಿ ಎರಡು ದಿನ ಅವನಿಗೆ ದಿಕ್ಕು ತಿಳಿಯಲಿಲ್ಲ. ಮೂರನೆಯ ದಿನ ಕಣ್ಣು ನೆಟ್ಟು ನೋಡಿ, "ಅಕ್ಕಾ, ಕಟ್ಟು ಹಾಳಾಯ್ತಾ?" ಎಂದ. "ಹಾಳಾಗಿದ್ದು ನನ್ನ ಬುದ್ಧಿ ಕಣೋ," ಎಂದವಳು ಮುಖ ಗೋಡೆಗೆ ತಿರುಗಿಸಿಕೊಂಡಳು. ಡಾಕ್ಟರು ಈ ಬೇಸಿಗೆಯಲ್ಲಿ ಅವನನ್ನು ಮತ್ತೆ ಆ ಕೆಲಸಕ್ಕೆ ಕಳಿಸಬೇಡಿ, ಒಮ್ಮೆ ಹೀಗಾದ ಮೈ ಬಿಸಿಯನ್ನು ಬೇಗ ತಡೆಯಲಾರದು ಎಂದರು. ಕೈ ನಡುಕ ಬಹಳ ದಿನ ಉಳಿಯಿತು.

ಟವೆಲುಗಳನ್ನೆಲ್ಲ ಸುಟ್ಟು ಬೂದಿ ಕರಗಿಸಿದಾಗ ಕಳೆದುಹೋಗಿದ್ದ ತೂಕ ಬಹುಪಾಲು ಸಿಕ್ಕಿತು. ಯಜಮಾನರು ಕೆಲಸವನ್ನು ಬೆಳಗಿನ ಐದಕ್ಕೆ ಹಾಕಿದರು. ಹನ್ನೊಂದಕ್ಕೆ ಸುತ್ತಿಗೆ ಕೆಳಗೆ. ನೀರಿನ ಹಂಡೆ ಒಳಗೆ ಬಂತು. ನಾಲಿಗೆ ನೋಡುವುದನ್ನು ಅಕ್ಕ ತಾನಾಗಿಯೇ ಬಿಟ್ಟಳು. ಸೀಮೆಸುಣ್ಣ ಬಿಡಲಿಲ್ಲ.

ಹುಟ್ಟುಗುಣ ಎಲ್ಲಿ ಹೋಗುತ್ತದೆ? ಈಗಲೂ ಅವಳು ಮೇಜಿನ ಹಿಂದೆ ಕೂತು ಒಬ್ಬೊಬ್ಬರನ್ನೇ ಅನುಮಾನದಿಂದ ನೋಡುತ್ತಾಳೆ. ಮಾತು ಕಡಿಮೆಯಾದವನನ್ನು, ಸುಮ್ಮಸುಮ್ಮನೆ ಸಿಡುಕುವವನನ್ನು, ಕಾಲು ನೀವಿಕೊಳ್ಳುವವನನ್ನು. ಕಣ್ಣು ಕಿರಿದು ಮಾಡಿ ಗೋಡೆ ನೋಡುತ್ತಾಳೆ.

"ಏ ಅಜ್ಜಿ, ಎಂಟು ಗಂಟೆಯಾಯ್ತು. ನಿನ್ನ ಗೂಟದ ಕೆಳಗೆ ಒಂದೇ ಗೆರೆ. ಏನು ಸಮಾಚಾರ?"

"ಬಾಯಾರಿಲ್ಲ ಕಣೆ."

"ಬಾಯಾರಿಲ್ಲ ಅಂತ ನನ್ ಹತ್ರ ಕತೆ ಕಟ್ಟಬೇಡ. ಏಳು, ನನ್ನೆದುರಿಗೇ ಕುಡಿ."

ಹಂಡೆಯ ಪಕ್ಕ ನಿಂತ ಬಿಂದಿಗೆ ಲೋಟ ತೊಳೆದು ಅಜ್ಜಿಗೆ ಕೊಟ್ಟು, ಅಕ್ಕನ ಕಡೆ ತಿರುಗಿ ಕೇಳಿದ: "ಎಲ್ಲಾರ್ದೂ ಬರೀತೀಯ. ನಿನ್ ಗೂಟ ಎಲ್ಲಿದೆಯಕ್ಕಾ?"

ಅವಳು ಅವನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಲೋಟಕ್ಕೆ ಕೈ ಚಾಚಿದಳು.